ಓದುಗರ ಪ್ರಶ್ನೆ: ಕ್ರಾಸ್ ಕಂಪೈಲರನ್ನು ಎರಡು ಬಾರಿ ಕಟ್ಟಬೇಕೇ?

ಪ್ರಶ್ನೆ: ಎಸ್‌ಟಿಎಂ32 ಬೋರ್ಡಿಗೆ ಬೇಕಾದ ಆರ್ಮ್ ಕ್ರಾಸ್ ಕಂಪೈಲರನ್ನು (ಒಂದು ಯಂತ್ರದಲ್ಲಿ ಓಡಿ ಬೇರೊಂದು ಬಗೆಯ ಚಿಪ್‌ಗೆ ಕೋಡ್ ತಯಾರಿಸುವ ಕಂಪೈಲರ್) ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮೂಲ ಕೋಡಿನಿಂದಲೇ ಕಟ್ಟಲು ಹೊರಟಿದ್ದೇನೆ. ನೋಡಿದ ಕಡೆಯಲ್ಲೆಲ್ಲ ಮೊದಲು ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಮುಂತಾದ ಉಪಕರಣಗಳ ಕಟ್ಟು), ನಂತರ ಜಿಸಿಸಿ ಕಂಪೈಲರ್, ನಂತರ ನ್ಯೂಲಿಬ್, ಕೊನೆಗೆ ಮತ್ತೆ ಜಿಸಿಸಿ ಎಂದು ಬರೆದಿದ್ದಾರೆ. ಒಂದೇ ಕಂಪೈಲರನ್ನು ಎರಡು ಸಲ ಕಟ್ಟುವುದು ಏಕೆ? ಒಂದೇ ಸಲಕ್ಕೆ ಮುಗಿಸಲು ಹೋದರೆ ಹೆಡರ್ ಫೈಲ್ ಸಿಗಲಿಲ್ಲವೆಂದು ಕಟ್ಟುವ ಕೆಲಸ ನಡೆಸುವ ಮೇಕ್ ಆಜ್ಞೆ ಅರ್ಧದಲ್ಲೇ ನಿಲ್ಲುತ್ತದೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಇದು ಬೀಜವೃಕ್ಷ ನ್ಯಾಯದ ತೊಡಕು. ಸಿ ಲೈಬ್ರರಿಯಾದ ನ್ಯೂಲಿಬ್ ಅನ್ನು ಆರ್ಮ್ ಚಿಪ್‌ಗಾಗಿ ಕಂಪೈಲ್ ಮಾಡಲು ಆರ್ಮ್ ಕಂಪೈಲರ್ ಬೇಕು; ಆದರೆ ಸಂಪೂರ್ಣ ಜಿಸಿಸಿ, ಅದರಲ್ಲೂ ಸಿ++ ಭಾಷೆಯ ಲೈಬ್ರರಿಯನ್ನು ಒಳಗೊಂಡ ಜಿಸಿಸಿ, ಸಿದ್ಧವಾಗಲು ಆ ಸಿ ಲೈಬ್ರರಿಯ ಹೆಡರ್ ಫೈಲುಗಳು ಮೊದಲೇ ಇರಬೇಕು. ನಿಮ್ಮ ಮೇಕ್ ನಿಂತದ್ದು ಈ ಜಾಗದಲ್ಲೇ. ಆದ್ದರಿಂದ ಮೊದಲ ಸುತ್ತಿನಲ್ಲಿ ಸಿ ಲೈಬ್ರರಿಯ ಹಂಗಿಲ್ಲದ ಒಂದು ಕಿರು ಜಿಸಿಸಿಯನ್ನು ಕಟ್ಟಿಕೊಂಡು, ಅದರಿಂದ ನ್ಯೂಲಿಬ್ ಅನ್ನು ಕಟ್ಟಿ, ಆಮೇಲೆ ಆ ನ್ಯೂಲಿಬ್ ಅನ್ನು ಆಧಾರವಾಗಿಟ್ಟುಕೊಂಡು ಪೂರ್ಣ ಜಿಸಿಸಿಯನ್ನು ಕಟ್ಟುತ್ತಾರೆ.

ಮೊದಲ ಸುತ್ತಿನಲ್ಲಿ ಭಾಷೆಗಳ ಪಟ್ಟಿಯಲ್ಲಿ ಸಿ ಒಂದನ್ನೇ ಇಡಿ. ಕಾನ್ಫಿಗರ್ ಆಜ್ಞೆಗೆ ‘ವಿತೌಟ್-ಹೆಡರ್ಸ್’ ಮತ್ತು ‘ವಿತ್-ನ್ಯೂಲಿಬ್’ ಆಯ್ಕೆಗಳನ್ನು ಕೊಟ್ಟು, ಥ್ರೆಡ್ ಮತ್ತು ಶೇರ್ಡ್ ಲೈಬ್ರರಿಗಳನ್ನು ನಿಷ್ಕ್ರಿಯಗೊಳಿಸಿ. ಆಮೇಲೆ ಬರಿಯ ಮೇಕ್ ಎನ್ನದೆ, ‘ಆಲ್-ಜಿಸಿಸಿ’ ಮತ್ತು ‘ಆಲ್-ಟಾರ್ಗೆಟ್-ಲಿಬ್‌ಜಿಸಿಸಿ’ ಎಂಬ ಎರಡು ಗುರಿಗಳನ್ನು ಮಾತ್ರ ಹೆಸರಿಸಿ ಓಡಿಸಿ. ಈ ಲಿಬ್‌ಜಿಸಿಸಿ ಎಂಬುದು ಚಿಪ್ ತಾನಾಗಿ ಮಾಡಲಾರದ ಲೆಕ್ಕಗಳನ್ನು ಮಾಡಿಕೊಡುವ ಚಿಕ್ಕ ಲೈಬ್ರರಿ. ಉದಾಹರಣೆಗೆ ಕಾರ್ಟೆಕ್ಸ್-ಎಂ0 ಪ್ರೊಸೆಸರಿನಲ್ಲಿ ಭಾಗಾಕಾರದ ಸೂಚನೆಯೇ ಇಲ್ಲ. ನೀವು ಸಿ ಭಾಷೆಯಲ್ಲಿ ಒಂದು ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿದರೆ ಕಂಪೈಲರ್ ಸದ್ದಿಲ್ಲದೆ ಲಿಬ್‌ಜಿಸಿಸಿಯ ಒಂದು ಫಂಕ್ಷನ್ನನ್ನು ಕರೆಯುತ್ತದೆ. ಹೀಗಾಗಿ ಲಿಬ್‌ಜಿಸಿಸಿ ಇಲ್ಲದೆ ಬೇರೆ ಯಾವ ಪ್ರೋಗ್ರಾಮನ್ನೂ ಭರವಸೆಯಿಂದ ಲಿಂಕ್ ಮಾಡಲಾಗದು.

ಕೇವಲ ಸಿ ಭಾಷೆ ಸಾಕೆನ್ನುವವರು ಎರಡನೆಯ ಸುತ್ತನ್ನು ಬಿಡಬಹುದೇ ಎಂದರೆ, ಒಂದು ಮಟ್ಟಿಗೆ ಬಿಡಬಹುದು. ಎವಿಆರ್ ಚಿಪ್‌ಗಳಿಗೆ ಸಿ ಕಂಪೈಲರ್ ಕಟ್ಟುವವರು ಜಿಸಿಸಿಯನ್ನು ಒಮ್ಮೆ ಕಟ್ಟಿ, ಎವಿಆರ್-ಲಿಬ್‌ಸಿ ಸೇರಿಸಿ ಕೆಲಸ ಮುಗಿಸುವುದುಂಟು. ಆದರೂ ಆರ್ಮ್ ವಿಷಯದಲ್ಲಿ ಎರಡನೆಯ ಸುತ್ತನ್ನು ಮಾಡಿಯೇ ಮುಗಿಸಿ ಎನ್ನುವುದು ನನ್ನ ಸಲಹೆ. ಹೆಡರ್‌ಗಳಿಲ್ಲದೆ ಕಟ್ಟಿದ ಜಿಸಿಸಿ ತನ್ನದೇ ಮೊಟಕಾದ ‘ಲಿಮಿಟ್ಸ್’ ಹೆಡರನ್ನು ಸ್ಥಾಪಿಸಿಕೊಂಡಿರುತ್ತದೆ, ಅದು ನ್ಯೂಲಿಬ್‌ನ ಹೆಡರಿನತ್ತ ಹೋಗುವುದಿಲ್ಲ. ಮುಂದೊಂದು ದಿನ ಯಾವುದೋ ಸ್ಥಿರಾಂಕ ಕಾಣುತ್ತಿಲ್ಲ ಎಂಬ ದೂರು ಬಂದಾಗ ಅದರ ಮೂಲ ಇಲ್ಲಿದೆ ಎಂದು ಹೊಳೆಯುವುದು ಕಷ್ಟ.

ಇನ್ನು ಸಣ್ಣಪುಟ್ಟ ಎಚ್ಚರಿಕೆಗಳು. ಮೂಲ ಕೋಡಿನ ಡೈರೆಕ್ಟರಿಯೊಳಗೆ ಕಾನ್ಫಿಗರ್ ಓಡಿಸಬೇಡಿ, ಪ್ರತಿಯೊಂದಕ್ಕೂ ಬೇರೆ ಬಿಲ್ಡ್ ಡೈರೆಕ್ಟರಿ ಮಾಡಿಕೊಳ್ಳಿ. ಜಿಎಂಪಿ, ಎಂಪಿಎಫ್‌ಆರ್ ಮತ್ತು ಎಂಪಿಸಿ ಎಂಬ ಗಣಿತ ಲೈಬ್ರರಿಗಳನ್ನು ಒಂದೊಂದಾಗಿ ಹುಡುಕುವ ಅಗತ್ಯವಿಲ್ಲ, ಜಿಸಿಸಿ ಜೊತೆಗೇ ಬರುವ ಸ್ಕ್ರಿಪ್ಟ್ ಅವನ್ನು ಇಳಿಸಿಕೊಡುತ್ತದೆ. ಬಿನ್‌ಯುಟಿಲ್ಸ್, ನ್ಯೂಲಿಬ್, ಜಿಸಿಸಿ ಮೂರಕ್ಕೂ ಟಾರ್ಗೆಟ್ ಹೆಸರು ‘ಆರ್ಮ್-ನನ್-ಇಎಬಿಐ’ ಎಂದೇ ಇರಲಿ, ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಡೈರೆಕ್ಟರಿ) ಕೂಡ ಒಂದೇ ಇರಲಿ. ಆ ಪ್ರಿಫಿಕ್ಸ್ ನಿಮ್ಮ ಹೋಮ್ ಡೈರೆಕ್ಟರಿಯೊಳಗೆ ಇದ್ದರೆ ಇನ್ನೂ ಒಳ್ಳೆಯದು: ಸಿಸ್ಟಮ್ ಡೈರೆಕ್ಟರಿಗೆ ಹಾಕಲೆಂದು ‘ಸುಡೊ’ ಬಳಸಿದರೆ ಅದು ಸಾಮಾನ್ಯವಾಗಿ ನಿಮ್ಮ ಪಾತ್ (ಆಜ್ಞೆಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) ಬದಲಿಗೆ ತನ್ನದೇ ಪಾತ್ ಹಿಡಿಯುತ್ತದೆ, ಆಗ ನ್ಯೂಲಿಬ್ ಪೂರ್ತಿ ಕಂಪೈಲ್ ಆದ ಮೇಲೆ ಇನ್‌ಸ್ಟಾಲ್ ಹಂತದಲ್ಲಿ ಬಿನ್‌ಯುಟಿಲ್ಸ್‌ನ ರ‍್ಯಾನ್‌ಲಿಬ್ ಸಿಗುತ್ತಿಲ್ಲವೆಂದು ಎಲ್ಲವೂ ನಿಂತುಬಿಡುತ್ತದೆ.

ಪ್ರಶ್ನೆ: ನಾನೇ ಕಟ್ಟಿದ ಟೂಲ್‌ಚೈನಿನಿಂದ (ಕಂಪೈಲರ್, ಲಿಂಕರ್, ಲೈಬ್ರರಿಗಳ ಇಡೀ ಸೆಟ್) ಎಸ್‌ಟಿಎಂ32ಎಫ್103 ಚಿಪ್ ಮೇಲೆ ಎಲ್‌ಇಡಿ ಮಿನುಗಿಸಿದೆ, ಸೀರಿಯಲ್ ಪೋರ್ಟ್ ಕೂಡ ಸರಿಯಾಗಿ ನಡೆಯಿತು. ಆದರೆ ತಾಪಮಾನ ಲೆಕ್ಕಹಾಕಲು ಒಂದೇ ಒಂದು ಫ್ಲೋಟ್ ಗುಣಾಕಾರ ಬರೆದೊಡನೆ ಪ್ರೋಗ್ರಾಮ್ ಹಾರ್ಡ್ ಫಾಲ್ಟ್‌ಗೆ (ಪ್ರೊಸೆಸರಿನ ಗಂಭೀರ ದೋಷದ ಸ್ಥಿತಿ) ಹೋಗಿ ಕೂರುತ್ತದೆ. ಲಿಂಕ್ ಮಾಡುವಾಗ ಯಾವ ದೋಷವನ್ನೂ ತೋರಿಸುವುದಿಲ್ಲ. ಚಿಪ್ ಕೆಟ್ಟಿದೆಯೇ?
— ಹವ್ಯಾಸಿ, ಶಿವಮೊಗ್ಗ

ಉತ್ತರ: ಚಿಪ್ ಚೆನ್ನಾಗಿಯೇ ಇರಬೇಕು. ನೀವು ಹೇಳಿದ ಲಕ್ಷಣಗಳು ಬಹುಮಟ್ಟಿಗೆ ಮಲ್ಟಿಲಿಬ್ (ಬೇರೆಬೇರೆ ಪ್ರೊಸೆಸರುಗಳಿಗಾಗಿ ಒಂದೇ ಲೈಬ್ರರಿಯ ಹಲವು ಆವೃತ್ತಿಗಳನ್ನು ಕಟ್ಟಿಡುವ ಏರ್ಪಾಡು) ಕಡೆಗೆ ಬೆರಳು ಮಾಡುತ್ತವೆ. ಟೂಲ್‌ಚೈನ್ ಕಟ್ಟುವ ಕೆಲಸದಲ್ಲಿ ಅತಿ ಹೆಚ್ಚು ಗಮನ ಬೇಡುವ ಭಾಗ ಇದೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಚಿಪ್‌ನ ಕಾರ್ಟೆಕ್ಸ್-ಎಂ3 ಪ್ರೊಸೆಸರಿನಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕ ಇಲ್ಲ. ಆದ್ದರಿಂದ ಪ್ರತಿಯೊಂದು ಫ್ಲೋಟ್ ಗುಣಾಕಾರವೂ ಲಿಬ್‌ಜಿಸಿಸಿಯ ಫಂಕ್ಷನ್ನಿಗೆ ಹೋಗುತ್ತದೆ, ಪೂರ್ಣಾಂಕದ ಗುಣಾಕಾರ ಹೋಗುವುದಿಲ್ಲ. ಎಲ್‌ಇಡಿ ಮಿನುಗಿದ್ದು, ಫ್ಲೋಟ್ ಬಂದಾಗ ಮಾತ್ರ ನಿಂತದ್ದು ಈ ಕಾರಣಕ್ಕೆ. ಮಲ್ಟಿಲಿಬ್ ಪಟ್ಟಿಯನ್ನು ಹೇಳದೆ ಜಿಸಿಸಿಯನ್ನು ಕಟ್ಟಿದರೆ ನಿಮ್ಮ ಪ್ರೋಗ್ರಾಮಿಗೆ ಸಿಗುವುದು ಹಳೆಯ ಆರ್ಮ್ ಪ್ರೊಸೆಸರುಗಳಿಗೆ ತಕ್ಕ ಲಿಬ್‌ಜಿಸಿಸಿ. ಅದರ ಥಂಬ್ (ಕಿರಿದಾದ 16 ಬಿಟ್ ಸೂಚನೆಗಳ) ಆವೃತ್ತಿಯಲ್ಲೂ ಫ್ಲೋಟ್ ಫಂಕ್ಷನ್ನುಗಳು ಮೊದಲ ಸೂಚನೆಯಲ್ಲೇ ಥಂಬ್ ಸ್ಥಿತಿಯಿಂದ ಆರ್ಮ್ ಸ್ಥಿತಿಗೆ ಜಿಗಿದು, ಉಳಿದ ಕೆಲಸವನ್ನು 32 ಬಿಟ್‌ನ ಆರ್ಮ್ ಸೂಚನೆಗಳಲ್ಲಿ ಮಾಡುತ್ತವೆ. ಹಳೆಯ ಪ್ರೊಸೆಸರುಗಳಲ್ಲಿ ಎರಡೂ ಸ್ಥಿತಿಗಳಿದ್ದುದರಿಂದ ಅದು ತಪ್ಪಲ್ಲ. ಕಾರ್ಟೆಕ್ಸ್-ಎಂ ಬಳಗದಲ್ಲಿ ಇರುವುದು ಥಂಬ್ ಸ್ಥಿತಿಯೊಂದೇ. ಜಿಗಿದ ಕ್ಷಣಕ್ಕೆ ಪ್ರೊಸೆಸರ್ ಅಮಾನ್ಯ ಸ್ಥಿತಿಯೆಂದು ಯೂಸೇಜ್ ಫಾಲ್ಟ್ ಎತ್ತುತ್ತದೆ, ಅದನ್ನು ನೀವು ಸಕ್ರಿಯಗೊಳಿಸಿರದಿದ್ದರೆ ಅದೇ ಹಾರ್ಡ್ ಫಾಲ್ಟ್ ಆಗಿ ಕಾಣುತ್ತದೆ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಡಿಬಗರಿನಲ್ಲಿ ಸಿಎಫ್‌ಎಸ್‌ಆರ್ ಎಂಬ ಫಾಲ್ಟ್ ರಿಜಿಸ್ಟರನ್ನು ಓದಿ. ಸೊನ್ನೆಯಿಂದ ಎಣಿಸಿದರೆ 17ನೇ ಬಿಟ್ ಒಂದಾಗಿದ್ದರೆ ದೋಷ ಅಮಾನ್ಯ ಸ್ಥಿತಿಯದು. ನಂತರ ಬಿನ್‌ಯುಟಿಲ್ಸ್‌ನ ಆಬ್ಜ್‌ಡಂಪ್ ಮೂಲಕ, ಲಿಂಕ್ ಆಗಿ ಬಂದ ನಿಮ್ಮ ಇಎಲ್‌ಎಫ್ ಫೈಲನ್ನು ಬಿಡಿಸಿ ಆ ಗುಣಾಕಾರದ ಫಂಕ್ಷನ್ನನ್ನು ನೋಡಿ: ಆರಂಭದಲ್ಲಿ ಒಂದೆರಡು ಕಿರಿದಾದ 16 ಬಿಟ್ ಸೂಚನೆಗಳು, ಅವುಗಳ ಕೆಳಗೆ ಒಂದೇ ಅಳತೆಯ ಎಂಟೆಂಟು ಹೆಕ್ಸ್ ಅಂಕಿಗಳ ಸಾಲುಗಳು ಎಡೆಬಿಡದೆ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಪರಿಹಾರವೆಂದರೆ ಜಿಸಿಸಿಯ ಎರಡೂ ಸುತ್ತುಗಳಲ್ಲಿ ‘ವಿತ್-ಮಲ್ಟಿಲಿಬ್-ಲಿಸ್ಟ್’ ಆಯ್ಕೆಗೆ ‘ಆರ್‌ಎಂಪ್ರೊಫೈಲ್’ ಎಂಬ ಬೆಲೆಯನ್ನು ಕೊಟ್ಟು ಮೊದಲಿನಿಂದ ಕಟ್ಟುವುದು, ನಡುವೆ ನ್ಯೂಲಿಬ್ ಅನ್ನೂ ಹೊಸದಾಗಿ ಕಟ್ಟುವುದು. ಆಗ ಎಂ ಮತ್ತು ಆರ್ ಬಳಗದ ಒಂದೊಂದು ಬಗೆಯ ಪ್ರೊಸೆಸರಿಗೂ, ಫ್ಲೋಟ್ ಘಟಕ ಇರುವ ಮತ್ತು ಇಲ್ಲದ ಸಂಯೋಜನೆಗಳಿಗೂ ಬೇರೆಬೇರೆ ಲೈಬ್ರರಿಗಳು ತಯಾರಾಗುತ್ತವೆ. ಸಮಯ ಹಾಗೂ ಡಿಸ್ಕ್ ಜಾಗ ಎರಡೂ ಹೆಚ್ಚು ಹಿಡಿಯುತ್ತವೆ, ಅದಕ್ಕೆ ಸಿದ್ಧರಾಗಿರಿ. ಕಟ್ಟಿದ ಮೇಲೆ ನಿಮ್ಮ ಪ್ರಾಜೆಕ್ಟಿನ ಅದೇ ಆಯ್ಕೆಗಳೊಂದಿಗೆ ಕಂಪೈಲರಿಗೆ ‘ಪ್ರಿಂಟ್-ಮಲ್ಟಿ-ಡೈರೆಕ್ಟರಿ’ ಎಂದು ಕೇಳಿ. ಕಾರ್ಟೆಕ್ಸ್-ಎಂ3ಗೆ ‘ವಿ7-ಎಂ’ ಎಂಬುದನ್ನು ಒಳಗೊಂಡ ಹಾದಿ ಬಂದರೆ ಸರಿ. ಬರಿಯ ಚುಕ್ಕೆಯೋ, ಬರಿಯ ‘ಥಂಬ್’ ಎಂಬುದೋ ಬಂದರೆ ಸರಿಯಾಗಿಲ್ಲ. ಪ್ರೊಸೆಸರ್ ಆಯ್ಕೆಯನ್ನು ಕಂಪೈಲ್ ಮಾಡುವಾಗ ಮಾತ್ರವಲ್ಲ, ಲಿಂಕ್ ಮಾಡುವಾಗಲೂ ಕೊಡಬೇಕು, ಏಕೆಂದರೆ ಲೈಬ್ರರಿಯ ಆಯ್ಕೆ ನಡೆಯುವುದು ಆಗಲೇ.

ಪ್ರಶ್ನೆ: ಪ್ರಿಂಟ್‌ಎಫ್ ಬಳಸಿದರೆ ‘ಎಕ್ಸಿಟ್’, ‘ಎಸ್‌ಬಿಆರ್‌ಕೆ’ ಸಿಗಲಿಲ್ಲವೆಂದು ಲಿಂಕರ್ ಹೇಳುತ್ತದೆ. ಟೂಲ್‌ಚೈನ್ ಅಪೂರ್ಣವಾಗಿದೆಯೇ?
— ಡಿಪ್ಲೊಮಾ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಇಲ್ಲ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಚಿಪ್‌ನಲ್ಲಿ ಅಕ್ಷರವನ್ನು ಎಲ್ಲಿಗೆ ಕಳುಹಿಸಬೇಕು, ಮೆಮೊರಿಯನ್ನು ಎಲ್ಲಿಂದ ತರಬೇಕು ಎಂಬುದು ನ್ಯೂಲಿಬ್‌ಗೆ ತಿಳಿಯದು; ಆ ಕೆಲವು ಫಂಕ್ಷನ್ನುಗಳನ್ನು ನೀವು ಬರೆದುಕೊಡಬೇಕು. ಸದ್ಯಕ್ಕೆ ಲಿಂಕ್ ಆದರೆ ಸಾಕೆಂದರೆ ಆ ಫಂಕ್ಷನ್ನುಗಳ ಖಾಲಿ ರೂಪಗಳನ್ನು ಸೇರಿಸುವ ‘ನೋಸಿಸ್’ ಸ್ಪೆಕ್ಸ್ ಬಳಸಿ. 20 ಕೆಬಿ ರ‍್ಯಾಮ್‌ನ ಚಿಪ್‌ಗಳಿಗೆ ನ್ಯೂಲಿಬ್‌ನ ನ್ಯಾನೋ ರೂಪವೇ ಹಿತ. ಅದಕ್ಕೆ ನ್ಯೂಲಿಬ್ ಅನ್ನು ನ್ಯಾನೋ ಆಯ್ಕೆಗಳೊಂದಿಗೆ ಇನ್ನೊಮ್ಮೆ ಬೇರೆಡೆ ಕಟ್ಟಿ, ಬಂದ ಲೈಬ್ರರಿಗಳ ಹೆಸರಿಗೆ ‘ನ್ಯಾನೋ’ ಸೇರಿಸಿ ಮೊದಲಿನವುಗಳ ಪಕ್ಕದಲ್ಲಿ ಇಡಬೇಕು. ನ್ಯಾನೋ ರೂಪದ ಪ್ರಿಂಟ್‌ಎಫ್ ದಶಾಂಶ ಬಿಂದುವಿರುವ (ಫ್ಲೋಟ್) ಸಂಖ್ಯೆಗಳನ್ನು ತಾನಾಗಿ ಮುದ್ರಿಸುವುದಿಲ್ಲ, ಲಿಂಕರಿಗೆ ಪ್ರತ್ಯೇಕವಾಗಿ ಹೇಳಬೇಕು.

ಪ್ರಶ್ನೆ: ಆರ್ಮ್ ಸಂಸ್ಥೆಯೇ ಸಿದ್ಧ ಟೂಲ್‌ಚೈನ್ ಕೊಡುತ್ತದೆ, ಉಬುಂಟುವಿನಲ್ಲೂ ಪ್ಯಾಕೇಜ್ ಇದೆ. ಹೀಗಿರುವಾಗ ಮೂಲದಿಂದ ಕಟ್ಟುವ ಶ್ರಮ ಯಾರಿಗೆ ಬೇಕು?
— ಫರ್ಮ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ದಿನನಿತ್ಯದ ಕೆಲಸಕ್ಕೆ ಸಿದ್ಧ ಟೂಲ್‌ಚೈನೇ ಸಾಕು, ಅದನ್ನು ಬಳಸಲು ಯಾವ ಹಿಂಜರಿಕೆಯೂ ಬೇಡ. ಆದರೆ ನಿಮ್ಮ ಉತ್ಪನ್ನ ಹತ್ತು ವರ್ಷ ಹೊಲದಲ್ಲೋ ಕಾರ್ಖಾನೆಯಲ್ಲೋ ಇರುವಂಥದ್ದಾದರೆ ನನ್ನ ಉತ್ತರ ಬೇರೆ. 2024ರಲ್ಲಿ ಬಂದ ಜಿಸಿಸಿ 14, ಘೋಷಿಸದ ಫಂಕ್ಷನ್ನನ್ನು ಕರೆದರೆ ಹಿಂದಿನಂತೆ ಎಚ್ಚರಿಕೆ ಕೊಟ್ಟು ಬಿಡದೆ ದೋಷವೆಂದೇ ಪರಿಗಣಿಸುತ್ತದೆ. ನಿನ್ನೆಯವರೆಗೆ ಕಂಪೈಲ್ ಆಗುತ್ತಿದ್ದ ಹಳೆಯ ಕೋಡ್ ಪ್ಯಾಕೇಜ್ ನವೀಕರಣದ ಮರುದಿನ ನಿಂತುಹೋಗಬಹುದು. ಉತ್ಪನ್ನದ ಬಿಡುಗಡೆಗೆ ಬಳಸಿದ ಬಿನ್‌ಯುಟಿಲ್ಸ್, ಜಿಸಿಸಿ, ನ್ಯೂಲಿಬ್‌ಗಳ ಮೂಲ ಕೋಡ್ ಕಟ್ಟುಗಳನ್ನೂ, ಕಟ್ಟಿದ ಸ್ಕ್ರಿಪ್ಟನ್ನೂ ಫರ್ಮ್‌ವೇರ್ ಕೋಡಿನ ಜೊತೆಗೇ ಕಾಪಿಡಿ. ಲೈಬ್ರರಿಯೊಳಗೆ ದೋಷ ಸಿಕ್ಕಾಗ ಅದನ್ನು ತಿದ್ದಿ, ಅದೇ ಆವೃತ್ತಿಯನ್ನು ಮತ್ತೆ ಕಟ್ಟುವ ಸಾಮರ್ಥ್ಯ ನಿಮ್ಮ ತಂಡದಲ್ಲಿ ಒಬ್ಬರಿಗಾದರೂ ಇರಬೇಕು. ಅದಕ್ಕಾಗಿ ಆ ಸ್ಕ್ರಿಪ್ಟನ್ನು ಬರೆದವರ ಯಂತ್ರದಲ್ಲಲ್ಲದೆ, ಹೊಸದಾಗಿ ಲಿನಕ್ಸ್ ಹಾಕಿದ ಬೇರೊಂದು ಯಂತ್ರದಲ್ಲಿ ಓಡಿಸಿ ನೋಡಿ.