ಟಿವಿ ಸಾಯುತ್ತದೆಯೇ ಎನ್ನುವ ಮುನ್ನ ಯಾವ ಟಿವಿ ಎಂದು ಹೇಳಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಪ್ರಸಾರ ಎಂಜಿನಿಯರ್ ಆದ ನನಗೆ ಆ ಪ್ರಶ್ನೆಗಿಂತ ಅದರ ಹಿಂದಿರುವ ಗೊಂದಲವೇ ಹೆಚ್ಚು ಕಿರಿಕಿರಿ ತರುತ್ತದೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಸ್ಟ್ರೀಮಿಂಗ್ ಎಂದರೇನು ಎಂದು ಕೇಳಿದವರು ಕ್ಷಮಿಸಬೇಕು.

ಪ್ರಶ್ನೆ: ಎಲ್ಲರೂ ಒಟಿಟಿಗೆ ಹೋಗಿದ್ದಾರೆ. ಇನ್ನು ಹತ್ತು ವರ್ಷಗಳಲ್ಲಿ ಟಿವಿ ಪ್ರಸಾರ ಪೂರ್ತಿ ನಿಂತುಹೋಗುವುದೇ?

ನೀವು ‘ಟಿವಿ’ ಎನ್ನುವಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದೀರಿ: ಗೋಪುರದಿಂದ ಆಂಟೆನಾಗೆ ಬರುವ ಭೂಪ್ರಸಾರ, ಕೇಬಲ್ ಅಥವಾ ಉಪಗ್ರಹದ ಮೂಲಕ ತಿಂಗಳ ಚಂದಾ ಕೊಟ್ಟು ಪಡೆಯುವ ವಾಹಿನಿಗಳ ಕಂತೆ, ಮತ್ತು ಇಂತಿಷ್ಟು ಹೊತ್ತಿಗೆ ಇಂಥದೇ ಕಾರ್ಯಕ್ರಮ ಎಂಬ ವೇಳಾಪಟ್ಟಿ. ಈ ಮೂರಕ್ಕೂ ಒಂದೇ ರೋಗವಿಲ್ಲ.

ಟಿವಿ ವೀಕ್ಷಣೆಯನ್ನು ಅಳೆಯುವ ಅಮೆರಿಕದ ನೀಲ್ಸನ್ ಸಂಸ್ಥೆಯ 2025ರ ಮೇ ತಿಂಗಳ ಲೆಕ್ಕವನ್ನು ಅನೇಕರು ಮರಣ ಪ್ರಮಾಣಪತ್ರದಂತೆ ಕಳುಹಿಸುತ್ತಾರೆ. ಆ ತಿಂಗಳು ಅಲ್ಲಿ ಟಿವಿ ಪರದೆಯ ವೀಕ್ಷಣೆಯಲ್ಲಿ ಸ್ಟ್ರೀಮಿಂಗ್‌ನ, ಅಂದರೆ ಒಟಿಟಿಯಂತೆ ಇಂಟರ್ನೆಟ್ ಮೂಲಕ ನೋಡುವುದರ ಪಾಲು ಶೇ 44.8, ಕೇಬಲ್‌ನದು ಶೇ 24.1, ಗೋಪುರದಿಂದಲೂ ಬಿತ್ತರವಾಗುವ ಪ್ರಸಾರ ವಾಹಿನಿಗಳದು ಶೇ 20.1 ಇತ್ತು, ಸ್ಟ್ರೀಮಿಂಗ್ ಉಳಿದೆರಡರ ಮೊತ್ತವನ್ನು ಮೊದಲ ಬಾರಿಗೆ ದಾಟಿತು. ಆದರೆ ಅದೇ ವರದಿ ಹೇಳುವಂತೆ, ನಾಲ್ಕು ವರ್ಷಗಳಲ್ಲಿ ಕೇಬಲ್ ವೀಕ್ಷಣೆ ಶೇ 39ರಷ್ಟು ಕುಸಿದಿದ್ದರೆ ಪ್ರಸಾರ ವಾಹಿನಿಗಳದು ಶೇ 21ರಷ್ಟು ಕುಸಿದಿದೆ. ಈ ಲೆಕ್ಕದಲ್ಲಿ ‘ಪ್ರಸಾರ’ ಎಂದರೆ ಆ ವಾಹಿನಿಗಳ ಕಾರ್ಯಕ್ರಮವೇ ಹೊರತು, ಅದು ಆಂಟೆನಾದಿಂದ ಬಂತೋ ಕೇಬಲ್‌ನಿಂದ ಬಂತೋ ಎಂಬ ಭೇದವಲ್ಲ ಎನ್ನುವುದನ್ನೂ ಗಮನಿಸಬೇಕು. ಹೀಗಾಗಿ ಈ ಅಂಕಿಗಳನ್ನು ಹಿಡಿದು ಗೋಪುರಗಳ ಆಯಸ್ಸು ಹೇಳುವವರು ಜ್ಯೋತಿಷ್ಯ ಹೇಳುತ್ತಿದ್ದಾರೆ. ನಿಜವಾಗಿ ಕುಸಿಯುತ್ತಿರುವುದು ನೋಡದ ನೂರು ವಾಹಿನಿಗಳಿಗೂ ಹಣ ಕಟ್ಟಿಸಿಕೊಳ್ಳುತ್ತಿದ್ದ ಕಂತೆಯ ವ್ಯಾಪಾರ. ಅದಕ್ಕಾಗಿ ನಾನು ಕಣ್ಣೀರು ಹಾಕುವುದಿಲ್ಲ.

ತಂತ್ರಜ್ಞಾನದ ದೃಷ್ಟಿಯಿಂದ ಹೇಳುವುದಾದರೆ, ಒಂದೇ ಚಿತ್ರವನ್ನು ಒಂದೇ ಕ್ಷಣದಲ್ಲಿ ಅಪಾರ ಜನರಿಗೆ ತಲುಪಿಸಲು ಪ್ರಸಾರಕ್ಕಿಂತ ಮಿತವ್ಯಯದ ದಾರಿ ಇನ್ನೂ ಹುಟ್ಟಿಲ್ಲ. ಗೋಪುರದ ವ್ಯಾಪ್ತಿಯಲ್ಲಿ ಒಬ್ಬ ನೋಡಿದರೂ ಹತ್ತು ಲಕ್ಷ ಜನ ನೋಡಿದರೂ ಅದು ಸುಡುವ ವಿದ್ಯುತ್ ಒಂದೇ. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬ ವೀಕ್ಷಕನಿಗೂ ಪ್ರತ್ಯೇಕ ಹರಿವು ಬೇಕು: ತಲಾ 5 ಮೆಗಾಬಿಟ್‌ನಂತೆ ಒಂದು ಕೋಟಿ ಜನರಿಗೆ ಸೆಕೆಂಡಿಗೆ 50 ಟೆರಾಬಿಟ್. ಊರೂರಿನಲ್ಲಿ ಸರ್ವರ್ ಇಟ್ಟು ಈ ಹೊರೆಯನ್ನು ಹಂಚಬಹುದು, ಇಲ್ಲವಾಗಿಸಲು ಆಗದು. 2024ರ ನವೆಂಬರ್‌ನಲ್ಲಿ ಮೈಕ್ ಟೈಸನ್ ಮತ್ತು ಜೇಕ್ ಪೌಲ್ ನಡುವಿನ ಬಾಕ್ಸಿಂಗ್ ಪಂದ್ಯವನ್ನು 6 ಕೋಟಿ ಮನೆಗಳು ನೋಡಿದವೆಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿತು. ಆ ರಾತ್ರಿ ಚಿತ್ರ ನಿಂತು ನಿಂತು ಬರುತ್ತಿದೆ ಎಂದು ದೂರಿದವರೂ ಬಹಳ.

ಆದರೆ ಪ್ರಸಾರದ ಈ ಬಲವೇ ಅದರ ದೌರ್ಬಲ್ಯವೂ ಹೌದು. ನೋಡುವವರು ಹೆಚ್ಚಿದರೆ ಹೇಗೆ ಖರ್ಚು ಹೆಚ್ಚುವುದಿಲ್ಲವೋ ಹಾಗೆಯೇ, ಅವರು ಕಡಿಮೆಯಾದರೆ ಅದು ಇಳಿಯುವುದೂ ಇಲ್ಲ. ಮನೆಗಳು ಕೈಬಿಟ್ಟಂತೆಲ್ಲ ಉಳಿದ ಪ್ರತಿ ಮನೆಯ ಮೇಲೆ ಬೀಳುವ ವೆಚ್ಚ ಏರುತ್ತ ಹೋಗಿ, ಒಂದು ದಿನ ಲೆಕ್ಕಪತ್ರ ನೋಡುವವರು ಗೋಪುರದತ್ತ ಬೆರಳು ತೋರಿಸುತ್ತಾರೆ. ಸ್ವಿಟ್ಜರ್ಲೆಂಡ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ 2019ರ ಜೂನ್ 3ರಂದು ಭೂಪ್ರಸಾರವನ್ನು ನಿಲ್ಲಿಸಿದ್ದು ಹೀಗೆಯೇ. ಅಲ್ಲಿ ಆಂಟೆನಾ ನೆಚ್ಚಿಕೊಂಡ ಮನೆಗಳು ಅಷ್ಟು ಕಡಿಮೆಯಾಗಿದ್ದವು. ಇದಕ್ಕೆ ತರಂಗಾಂತರದ ಆಸೆಯನ್ನೂ ಸೇರಿಸಿಕೊಳ್ಳಿ. ಟಿವಿಯ ತರಂಗಾಂತರಗಳು ಮೊಬೈಲ್ ಕಂಪನಿಗಳಿಗೂ ಬೇಕು. ಅಮೆರಿಕದಲ್ಲಿ 2017ರಲ್ಲಿ ಮುಗಿದ ಹರಾಜಿನಲ್ಲಿ 84 ಮೆಗಾಹರ್ಟ್ಸ್‌ನಷ್ಟು ತರಂಗಾಂತರ ಟಿವಿಯ ಕೈತಪ್ಪಿತು.

ಆದ್ದರಿಂದ ನಿಜವಾದ ಮುನ್ಸೂಚನೆ ಬೇಕಿದ್ದವರು ವೀಕ್ಷಕರ ಸಂಖ್ಯೆಯನ್ನಲ್ಲ, ಪರವಾನಗಿ ಮುಗಿಯುವ ದಿನಾಂಕವನ್ನೂ ಹೊಸ ಉಪಗ್ರಹಕ್ಕೆ ಬೇಡಿಕೆ ಸಲ್ಲಿಕೆಯಾಗಿದೆಯೇ ಎಂಬುದನ್ನೂ ನೋಡಬೇಕು. ಬ್ರಿಟನ್ನಿನ ಭೂಪ್ರಸಾರದ ಪರವಾನಗಿಗಳು 2034ರವರೆಗೆ ಇವೆ. ಟಿವಿ ಉಪಗ್ರಹವೊಂದರ ಆಯಸ್ಸು ಸುಮಾರು 15 ವರ್ಷ; ಹಳೆಯದರ ಇಂಧನ ಮುಗಿಯುವ ಮುನ್ನ ಹೊಸದಕ್ಕೆ ಹಣ ಹಾಕುವವರಿಲ್ಲದಿದ್ದರೆ ಕಥೆ ಅಲ್ಲಿಗೆ ಮುಗಿಯಿತು, ಯಾರೂ ಘೋಷಿಸಬೇಕಾಗಿಲ್ಲ. ಎಲ್ಲ ದೇಶಗಳಲ್ಲೂ ಒಂದೇ ವರ್ಷ ಬೀಗ ಬೀಳುವುದಿಲ್ಲ. ತಂತಿಜಾಲ ದಟ್ಟವಾಗಿರುವ ಕಡೆ ಗೋಪುರ ಮೊದಲು ಹೋಗುತ್ತದೆ, ಇಲ್ಲದ ಕಡೆ ಬಹುಕಾಲ ನಿಲ್ಲುತ್ತದೆ.

ಇನ್ನು ವೇಳಾಪಟ್ಟಿ. ಅದು ಸತ್ತಿತೆಂದು ಡಂಗುರ ಸಾರಿದವರೇ ಈಗ ಅದನ್ನು ಮನೆಯೊಳಗೆ ಕರೆದುಕೊಳ್ಳುತ್ತಿದ್ದಾರೆ. ನೆಟ್‌ಫ್ಲಿಕ್ಸ್ 2022ರ ನವೆಂಬರ್‌ನಲ್ಲಿ ಜಾಹೀರಾತು ಸಹಿತ ಯೋಜನೆ ತಂದಿತು; ಫ್ರಾನ್ಸ್‌ನ ಟಿಎಫ್1 ವಾಹಿನಿಗಳನ್ನು ತನ್ನ ಆ್ಯಪ್‌ನಲ್ಲಿಯೇ ತೋರಿಸುವ ಒಪ್ಪಂದವನ್ನು 2025ರ ಜೂನ್‌ನಲ್ಲಿ ಪ್ರಕಟಿಸಿತು. ಏನು ನೋಡಲಿ ಎಂದು ಅರ್ಧ ಗಂಟೆ ಹುಡುಕಿ ಸೋತವರಿಗೆ, ಯಾರೋ ಆಯ್ದಿಟ್ಟ ಕಾರ್ಯಕ್ರಮ ತಾನಾಗಿ ಬರುವುದು ಇಂದಿಗೂ ಹಿತವೇ.

ಪ್ರಶ್ನೆ: ಪಕ್ಕದ ಮನೆಯವರು ಗೋಲ್ ಎಂದು ಕೂಗಿದ ಅರ್ಧ ನಿಮಿಷಕ್ಕೆ ನನ್ನ ಮೊಬೈಲಿನಲ್ಲಿ ಗೋಲ್ ಆಗುತ್ತದೆ. ಇಂಟರ್ನೆಟ್ ವೇಗ ಹೆಚ್ಚಿಸಿಕೊಳ್ಳಲೇ?

ಹೆಚ್ಚಿಸಿಕೊಂಡರೂ ಬಹುಮಟ್ಟಿಗೆ ಅಷ್ಟೇ. ನೇರಪ್ರಸಾರವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳುಹಿಸುತ್ತಾರೆ, ಆ್ಯಪ್ ಕೆಲವು ತುಣುಕುಗಳನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ವಿಳಂಬ ಹೆಚ್ಚಾಗಿ ಅಲ್ಲಿದೆ, ನಿಮ್ಮ ಮನೆಯ ಸಂಪರ್ಕದಲ್ಲಿಲ್ಲ.

ಪ್ರಶ್ನೆ: ‘4ಕೆ ಡಿಜಿಟಲ್ ಆಂಟೆನಾ’ ಕೊಂಡರೆ ಚಿತ್ರ ಸ್ಪಷ್ಟವಾಗುವುದೇ?

ಅಂಥದೊಂದು ಆಂಟೆನಾ ಇಲ್ಲ. ಆಂಟೆನಾಗೆ ಆವರ್ತನ ಗೊತ್ತು, ಅದರಲ್ಲಿ ಬರುವ ಚಿತ್ರದ ಗುಣಮಟ್ಟ ಗೊತ್ತಿಲ್ಲ.

ಪ್ರಶ್ನೆ: ಒಮ್ಮೆ ಹಣ ಕೊಟ್ಟರೆ ಜಗತ್ತಿನ ಎಲ್ಲ ವಾಹಿನಿಗಳೂ ಜೀವಮಾನವಿಡೀ ಉಚಿತ ಎನ್ನುವ ಪೆಟ್ಟಿಗೆ ಕೊಳ್ಳಬಹುದೇ?

ಕೊಳ್ಳಬೇಡಿ. ಅದು ಕಳ್ಳಮಾಲು ಎಂಬುದು ಒಂದು ಕಡೆ. ಇಂಥ ಅನೇಕ ಅಗ್ಗದ ಪೆಟ್ಟಿಗೆಗಳಲ್ಲಿ ಕಾರ್ಖಾನೆಯಿಂದಲೇ ದುಷ್ಟ ತಂತ್ರಾಂಶ ಸೇರಿಕೊಂಡು, ಅಪರಾಧಿಗಳಿಗೆ ಮನೆಯ ಇಂಟರ್ನೆಟ್ ಸಂಪರ್ಕವನ್ನು ಬಿಟ್ಟುಕೊಡುತ್ತಿದೆ ಎಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಸಿದೆ. ಈಗಾಗಲೇ ಕೊಂಡಿದ್ದರೆ ಇವತ್ತೇ ವೈಫೈಯಿಂದ ಬಿಡಿಸಿ.

ಪ್ರಶ್ನೆ: ಹೊಸ ಟಿವಿಗೆ ಟ್ಯೂನರ್ ಇನ್ನೂ ಬೇಕೇ?

ಬೇಕು. ಆಂಟೆನಾದಿಂದ ಬರುವ ವಾಹಿನಿಗಳನ್ನು ಹಿಡಿಯುವ ಈ ಭಾಗ ಇಲ್ಲದ್ದನ್ನು ನಾನಂತೂ ಕೊಳ್ಳುವುದಿಲ್ಲ. ಬಿರುಗಾಳಿಯ ದಿನ ಇಂಟರ್ನೆಟ್ ಕೈಕೊಟ್ಟರೂ, ವಿದ್ಯುತ್ ಇದ್ದು ಗೋಪುರ ನಿಂತಿರುವಷ್ಟು ಕಾಲ ಸುದ್ದಿ ಅದೇ ದಾರಿಯಲ್ಲಿ ಬರುತ್ತದೆ.