ಹಾಸನದ ಗಡಿಯಾರದಲ್ಲಿ ಲೈಪ್‌ಜಿಗ್ ಬದುಕು

ಹಾಸನದ ಕಡೆಯ 24 ವರ್ಷದ ಹುಡುಗಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎಂ.ಎಸ್ಸಿ. ಹೆಸರು ಸುಮಾ ಅಂತ ಇಟ್ಟುಕೊಳ್ಳೋಣ. ಗುರುತು ಸಿಗಬಾರದೆಂದು ಮನೆಯ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಏಪ್ರಿಲ್‌ನ ಬೇಸಿಗೆ ಸೆಮಿಸ್ಟರ್‌ಗೆ ಸೇರಿದವಳು. ನವೆಂಬರ್ ಕೊನೆಯಲ್ಲಿ, ಆಪ್ತಸಲಹೆಗಾರ್ತಿಯಾದ ನನಗೆ ವಿಡಿಯೋದಲ್ಲಿ ಸಿಕ್ಕಾಗ ಹೇಳಿದ ದೂರು ಒಂದೇ: "ನಿದ್ದೆ ಸರಿ ಇಲ್ಲ ಮೇಡಂ. ಕ್ಲಾಸಿಗೆ ಹೋಗಕ್ಕೆ ಆಗ್ತಿಲ್ಲ." ಊರಿನ ನೆನಪಿಗೆ ಹೀಗಾಗಿರಬೇಕು ಅಂತ ಕಾರಣವನ್ನೂ ಅವಳೇ ಹೇಳಿದಳು. ನಾನು ದಿನಚರಿ ಕೇಳಿದೆ. ನಿದ್ದೆಯ ದೂರು ಬಂದಾಗ ಮನಸ್ಸಿನ ಮಾತಿಗಿಂತ ಮೊದಲು ಗಡಿಯಾರದ ಮಾತು ಕೇಳುವುದು ನನ್ನ ರೂಢಿ.

ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿಗೆ ಹಾಲಿಟ್ಟು, ಮಗಳಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಆಗ ಲೈಪ್‌ಜಿಗ್‌ನಲ್ಲಿ ರಾತ್ರಿ ಒಂದು ಗಂಟೆ. ಬೇಸಿಗೆಯಲ್ಲಾದರೆ ಎರಡು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ ಬೀಳುತ್ತದೆ. ಕಾಲ್ ಮುಗಿದ ಮೇಲೆ ಫೋನ್ ನೋಡುತ್ತಾ ರಾತ್ರಿ ಮೂರಾಗುತ್ತದೆ. ಏಳುವುದು ಹನ್ನೆರಡಕ್ಕೆ. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಸ್ನಾನ, ಊಟ ಮುಗಿಸುವಷ್ಟರಲ್ಲಿ ಕತ್ತಲು. ನಾಲ್ಕೂವರೆಗೆ, ಅಂದರೆ ನಮ್ಮ ರಾತ್ರಿ ಒಂಬತ್ತಕ್ಕೆ, ಅಪ್ಪನ ಸರದಿ. ದಿನಗಟ್ಟಲೆ ಬಿಸಿಲು ಕಾಣದವಳಿಗೆ ನಿದ್ದೆ ಹೇಗೆ ಬಂದೀತು?

"ಅಮ್ಮನಿಗೆ ಹೊತ್ತು ಬದಲಿಸಿ ಅಂತ ಹೇಳಬಹುದಿತ್ತಲ್ವಾ?" ಅಂದೆ. ತುಂಬ ಹೊತ್ತು ಸುಮ್ಮನಿದ್ದು ಅಳತೊಡಗಿದಳು.

ಜುಲೈ ಪರೀಕ್ಷೆಯಲ್ಲಿ ಒಂದು ಪೇಪರ್ ಹೋಗಿತ್ತು. ಜರ್ಮನಿಯ ಅಂಕದ ಲೆಕ್ಕ ನಮ್ಮದಕ್ಕೆ ಉಲ್ಟಾ. 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4.0ರವರೆಗೆ ಪಾಸು, 5.0 ಅಂದರೆ ಫೇಲು. ಅಪ್ಪ "ಎಷ್ಟು ಬಂತಮ್ಮ?" ಅಂದಾಗ ಇವಳು ನಿಜವನ್ನೇ ಹೇಳಿದ್ದಳು: "ಐದು." ಅಪ್ಪ "ಐದಕ್ಕೆ ಐದಾ?" ಅಂದರು. ಇವಳು "ಹ್ಞೂಂ" ಅಂದುಬಿಟ್ಟಳು. ಅವರು ನೆಂಟರಿಗೆಲ್ಲ ಹೇಳಿಕೊಂಡು ಓಡಾಡಿದರು. ಪಾಸಾಗಿದ್ದ ಇನ್ನೊಂದು ಪೇಪರಿನ 2.3 ಕೇಳಿದ ಮಾವ "ಬರೀ ಎರಡೂ ಚಿಲ್ಲರೆನಾ?" ಅಂತ ಬೇಸರಪಟ್ಟರಂತೆ! ನಗು ಬರುವ ವಿಷಯ, ಆದರೆ ಅವಳಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಅಂದಿನಿಂದ ಅಮ್ಮನ ಕಾಲ್ ತೆಗೆಯದಿದ್ದರೆ ಅನುಮಾನ ಬರುತ್ತದೆ ಅನ್ನುವ ಭಯ. ಎಷ್ಟೇ ನಿದ್ದೆ ಬಂದರೂ ಎದ್ದು ಕೂತು, ಕೂದಲು ಸರಿಮಾಡಿಕೊಂಡು ನಗುವುದು.

ಅದರ ಹಿಂದೆ ದುಡ್ಡಿನ ವಿಷಯವೂ ಇತ್ತು. ಅವಳ ವೀಸಾಕ್ಕೆ ಒಂದು ವರ್ಷದ ಖರ್ಚು 11,904 ಯೂರೋವನ್ನು ಜರ್ಮನಿಯ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕಿತ್ತು. ಅದರಿಂದ ತಿಂಗಳಿಗೆ 992 ಯೂರೋ ಕೈಗೆ ಸಿಗುತ್ತದೆ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಆದರೆ ಸೈಟು ಅಡ ಇಟ್ಟು ಸಾಲ ತಂದ ಅಪ್ಪನ ಲೆಕ್ಕದಲ್ಲಿ ಅದು ಒಂದು ಲಕ್ಷ ರೂಪಾಯಿ. "ತಿಂಗಳಿಗೆ ಲಕ್ಷ ಖರ್ಚು ಮಾಡೋ ಮಗಳು ಫೇಲ್ ಅಂತ ಹೇಗೆ ಹೇಳಲಿ ಮೇಡಂ?" ಕ್ಲಾಸಿನವರು ಕಾಫಿಗೆ ಕರೆದರೂ ಹೋಗುತ್ತಿರಲಿಲ್ಲ. ಒಂದು ಕಾಫಿಗೆ ಮುನ್ನೂರು ರೂಪಾಯಿ ಅನ್ನುವ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಕೊನೆಗೆ ಅವರೂ ಕರೆಯುವುದು ಬಿಟ್ಟರು.

ಮನೆಯಲ್ಲೂ ಒಂಟಿ. ಇಬ್ಬರು ಜರ್ಮನ್ ಹುಡುಗಿಯರ ಜೊತೆ ಹಂಚಿಕೊಂಡ ಮನೆ ಅದು. ಒಗ್ಗರಣೆ ಘಾಟಿನ ಬಗ್ಗೆ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದರು. ಅವತ್ತಿನಿಂದ ಇವಳು ಅಡುಗೆಮನೆಗೆ ಹೋಗುವುದನ್ನೇ ನಿಲ್ಲಿಸಿ ಬ್ರೆಡ್ಡು, ಮೊಸರಿನಲ್ಲಿ ದಿನ ತಳ್ಳುತ್ತಿದ್ದಳು.

ಇಷ್ಟೆಲ್ಲ ಕೇಳಿದ ಮೇಲೆ ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. "ಏನೂ ಮಾಡ್ಕೊಳಲ್ಲ, ಆದ್ರೆ ಬೆಳಿಗ್ಗೆ ಏಳದೇ ಇದ್ರೆ ಸಾಕು ಅನ್ಸತ್ತೆ" ಅಂದಳು. ಇಷ್ಟು ಸಾಕು, ಬೆಂಗಳೂರಿನಲ್ಲಿ ಕೂತ ನಾನೊಬ್ಬಳೇ ಇದನ್ನು ನೋಡಿಕೊಳ್ಳುವುದು ಸರಿಯಲ್ಲ. ಅಲ್ಲಿ ವಿದ್ಯಾರ್ಥಿಗಳ ಕ್ಯಾಂಟೀನ್, ಹಾಸ್ಟೆಲ್ ನೋಡಿಕೊಳ್ಳುವ ಸ್ಟುಡೆಂಟೆನ್‌ವೆರ್ಕ್‌ನಲ್ಲಿ ಉಚಿತ ಆಪ್ತಸಲಹೆ ಇದೆ. ಮಾತು ಮುಗಿಯುವ ಮೊದಲೇ ನನ್ನೆದುರಿಗೇ ಅವರಿಗೆ ಮೇಲ್ ಬರೆಸಿದೆ. ಮನೆ ಹತ್ತಿರದ ಡಾಕ್ಟರನ್ನು ಕಾಣಲು ಹೇಳಿದೆ. ಅದಕ್ಕೆ ವಿಮೆ ಇದ್ದೇ ಇದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಟೆಲಿಫೋನ್‌ಜೇಲ್‌ಜೋರ್ಗೆ ಅನ್ನುವ ಸಹಾಯವಾಣಿ, 0800 111 0 111, ಹಗಲು ರಾತ್ರಿ ಉಚಿತ. ಜೀವಕ್ಕೆ ಅಪಾಯ ಅನ್ನಿಸಿದರೆ ತುರ್ತು ಸಂಖ್ಯೆ 112. ಎರಡನ್ನೂ ಫೋನಿನಲ್ಲಿ ಸೇವ್ ಮಾಡಿಸಿದೆ.

ಆಮೇಲೆ ಗಡಿಯಾರ. ರಾತ್ರಿ ಒಂದಕ್ಕೆ ಬರುವ ಅಮ್ಮನ ಕಾಲ್ ನಿಲ್ಲಬೇಕು, ಇದರಲ್ಲಿ ರಾಜಿ ಇಲ್ಲ ಅಂದೆ. ಬದಲಿಗೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಮಾಡಿ ಹೊರಗೆ ನಡೆಯುತ್ತಾ ಒಂದೂವರೆಗೆ ಕಾಲ್ ಮಾಡುವುದು. ಆಗ ಊರಲ್ಲಿ ಸಂಜೆ ಆರು, ಅಮ್ಮ ದೀಪ ಹಚ್ಚುವ ಹೊತ್ತು. ಹತ್ತು ನಿಮಿಷ ಸಾಕು. ಈ ನೆಪದಲ್ಲಿ ಬಿಸಿಲೂ ಸಿಗುತ್ತದೆ, ಬೇಗ ಏಳಲೂ ಬೇಕಾಗುತ್ತದೆ. ಉದ್ದ ಮಾತೆಲ್ಲ ಭಾನುವಾರಕ್ಕೆ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿ ಬೀದಿ ಖಾಲಿ ಹೊಡೆಯುತ್ತದೆ, ಒಂಟಿಯಾಗಿರುವವರಿಗೆ ಅದೇ ಕಷ್ಟದ ದಿನ.

ಫೇಲಾದ ವಿಷಯ ಹೇಳಲೇಬೇಕು ಅಂದೆ, ಆದರೆ ಅವತ್ತೇ ಅಲ್ಲ. ಮೊದಲು ವಿಭಾಗದ ಸಲಹೆಗಾರರನ್ನು ಕಂಡು, ಆ ಪೇಪರನ್ನು ಮತ್ತೆ ಎಷ್ಟು ಸಲ ಬರೆಯಬಹುದು, ಯಾವಾಗ, ಅಂತ ತಿಳಿದುಕೊಂಡು ಬಾ. ಅಲ್ಲಿ ಈ ಅವಕಾಶಗಳಿಗೆ ಮಿತಿ ಇರುತ್ತದೆ, ಅದು ಮೀರಿದರೆ ಕೋರ್ಸೇ ಹೋಗಬಹುದು. ಹಾಗಾಗಿ ಇದನ್ನು ಊಹೆಗೆ ಬಿಡಬಾರದು. ಫೆಬ್ರವರಿಯಲ್ಲಿ ಮತ್ತೆ ಬರೆಯಬಹುದು ಅಂತ ಗೊತ್ತಾಯಿತು. ಹೇಳುವ ಮಾತನ್ನು ಇಬ್ಬರೂ ಸೇರಿ ಚಿಕ್ಕದು ಮಾಡಿದೆವು: "ಅಪ್ಪ, ಅಲ್ಲಿ ಐದು ಅಂದ್ರೆ ಫೇಲು. ಆಗ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಫೆಬ್ರವರಿಲಿ ಮತ್ತೆ ಬರೀತೀನಿ."

ಫ್ರಿಜ್ ಮೇಲಿನ ಚೀಟಿಯ ಬಗ್ಗೆ ನನ್ನ ಅಭಿಪ್ರಾಯ ಬೇರೆ ಇತ್ತು. ಅಲ್ಲಿನ ಹಂಚಿಕೆ ಮನೆಗಳಲ್ಲಿ ಪಾತ್ರೆ, ಕಸ, ಗದ್ದಲ ಎಲ್ಲಕ್ಕೂ ಚೀಟಿ ಅಂಟಿಸುತ್ತಾರೆ. ಅದನ್ನು ಅವಮಾನ ಅಂತ ತೆಗೆದುಕೊಂಡರೆ ಹೊಟ್ಟೆಗೇ ಕುತ್ತು. ಕಿಟಕಿ ತೆಗೆದು, ಬಾಗಿಲು ಹಾಕಿ ಅಡುಗೆ ಮಾಡ್ತೀನಿ, ಹೊತ್ತು ಯಾವುದು ಅಂತ ನೀವೇ ಹೇಳಿ ಎಂದು ಎದುರಿಗೆ ನಿಂತು ಕೇಳು ಅಂದೆ. ಕೇಳಿದಳು. ಒಬ್ಬಳು ಈಗ ಚಿತ್ರಾನ್ನ ಕೇಳಿ ತಿನ್ನುತ್ತಾಳೆ. ಇನ್ನೊಬ್ಬಳು ಈಗಲೂ ಅಷ್ಟಾಗಿ ಮಾತಾಡುವುದಿಲ್ಲ. ಹಾಗೆಯೇ ತಿಂಗಳಿಗೆ ನಲವತ್ತು ಯೂರೋ ಪಕ್ಕಕ್ಕಿಟ್ಟು, ಅದನ್ನು ಜನರ ಜೊತೆ ಹೊರಗೆ ಹೋಗಲಿಕ್ಕೆ ಮಾತ್ರ ಬಳಸಬೇಕು, ರೂಪಾಯಿಗೆ ಗುಣಿಸಬಾರದು ಅಂತ ಒಪ್ಪಂದ ಮಾಡಿಕೊಂಡೆವು.

ಡಿಸೆಂಬರ್‌ನಲ್ಲಿ ತಂದೆತಾಯಿ ಮಾತಿಗೆ ಕೂತರು. ಅಮ್ಮ "ನಮ್ಮಿಂದ್ಲೇ ಹಿಂಗಾಯ್ತಾ?" ಅಂತ ನೊಂದರು. ಅಲ್ಲಿ ರಾತ್ರಿ ಅಂತ ಅವರಿಗೆ ಗೊತ್ತಿತ್ತು, ಓದುತ್ತಾ ಎದ್ದಿರುತ್ತಾಳೆ ಅಂದುಕೊಂಡಿದ್ದರು. ಮಗಳು ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ಅಪ್ಪ ಫೇಲಾಗಿದ್ದಕ್ಕಿಂತ ಆ "ಹ್ಞೂಂ"ಗೆ ಜಾಸ್ತಿ ಬೇಜಾರಾಗಿದ್ದರು. ಕೊನೆಗೆ ಕೇಳಿದರು: "ವಾಪಸ್ ಕರೆಸಿಕೊಳ್ಳೋದಾ ಮೇಡಂ?"

ಆ ತೀರ್ಮಾನ ಮಗಳದ್ದು, ಅದೂ ಫೆಬ್ರವರಿ ಫಲಿತಾಂಶ ಬಂದ ಮೇಲೆ ಅಂದೆ. ಅಲ್ಲಿಯವರೆಗೆ ಅವರು ಮಾಡಬಹುದಾದ ಕೆಲಸವೊಂದಿದೆ. ಕೋರ್ಸ್ ಒಂದು ಸೆಮಿಸ್ಟರ್ ಮುಂದೆ ಹೋದರೆ ಸಾಲದ ಕಂತು ಯಾವಾಗ ಶುರುವಾಗುತ್ತದೆ ಅಂತ ಬ್ಯಾಂಕಿನಲ್ಲಿ ಬರಹದಲ್ಲೇ ಕೇಳಿಕೊಂಡು ಬರುವುದು, ಮತ್ತೆ ಆ ಉತ್ತರವನ್ನು ಮಗಳಿಗೂ ಕಳಿಸುವುದು.