ಹಳ್ಳದ ತಳವನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ

ನಮಸ್ಕಾರ.

ನ್ಯೂಜಿಲೆಂಡಿನಿಂದ ನೀವು ಕಳಿಸಿದ ಲೇಖನ ಓದಿದೆ. ಹಸುಗಳ ಸಗಣಿಯಲ್ಲಿರುವ ಬ್ಯಾಕ್ಟೀರಿಯಾ ಹುಲ್ಲುಗಾವಲಿನಿಂದ ಹಳ್ಳಕ್ಕೆ ಹೇಗೆ ಸೇರುತ್ತದೆ, ಅದನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದು ನಿಮ್ಮ ವಿಷಯ. ಇಂಥ ಬರಹ ನಮಗೆ ಖಂಡಿತ ಬೇಕು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ನೀರಿನ ಮಹತ್ವ ಓದುಗರಿಗೆ ಗೊತ್ತಿದೆ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ, ದಕ್ಷಿಣ ದ್ವೀಪದ ಶೆರಿ ನದಿಯ ಹತ್ತಿರ. 246 ಹಸುಗಳ ಹಿಂಡು ನೀರಿಗಿಳಿದು ನದಿ ದಾಟಿತು. ಕೆಳಗಡೆ ನೀರು ಹಿಡಿದು ಪರೀಕ್ಷಿಸಿದರೆ 100 ಮಿಲಿಲೀಟರಿನಲ್ಲಿ ಸುಮಾರು 50,000 ಇ. ಕೋಲೈ, ಅಂದರೆ ನೀರಿಗೆ ಸಗಣಿ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ. ಆ ದೇಶದಲ್ಲಿ ಈಜುವ ನೀರಿನಲ್ಲಿ ಇದು ಅಷ್ಟೇ ನೀರಿಗೆ 550 ದಾಟಿದರೆ ಕ್ರಮ ಕೈಗೊಳ್ಳಬೇಕು ಅನ್ನುವ ಮಾರ್ಗಸೂಚಿ ಇದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಓದುಗರು ನಿಮ್ಮ ಜೊತೆ ಬರುತ್ತಾರೆ. ಹಸುಗಳು ದಾರಿಯಲ್ಲಿ ನಡೆಯುವಾಗಿನದಕ್ಕಿಂತ ನೀರು ದಾಟುವಾಗ ಮೀಟರಿಗೆ ಸುಮಾರು 50 ಪಟ್ಟು ಜಾಸ್ತಿ ಸಗಣಿ ಹಾಕುತ್ತವೆ ಅನ್ನುವ ಮಾತನ್ನು ಮಾತ್ರ ಆವರಣದೊಳಗೆ ತುರುಕಿದ್ದೀರಿ. ಅದನ್ನು ಹೊರಗೆ ತನ್ನಿ. ಅಲ್ಲಿ ಆಮೇಲೆ ಹಸುಗಳು ದಾಟಲು ಸೇತುವೆ ಕಟ್ಟಿದ್ದು ಯಾಕೆ ಅನ್ನುವುದು ಆ ಒಂದು ಸಾಲಿನಲ್ಲೇ ಇದೆ.

ಆಮೇಲೆ ಏಳು ಸಮೀಕರಣ. ಒಂದನ್ನೂ ಹಾಕಬೇಡಿ. ಸಗಣಿ ನೆಲಕ್ಕೆ ಬಿದ್ದ ಮೇಲೆ ಏನಾಗುತ್ತದೆ ಅಂತ ಹೇಳಿ. ಬಿಸಿಲಿಗೂ ಒಣಗಿದ್ದಕ್ಕೂ ಬ್ಯಾಕ್ಟೀರಿಯಾ ಸಾಯುತ್ತವೆ. ಸಗಣಿಯ ಒಳಗೆ ತೇವ ಇದ್ದರೆ ಕೆಲವು ದಿನ ಹೆಚ್ಚುವುದೂ ಉಂಟು. ಮಳೆ ಬಂದಾಗ ಒಂದಷ್ಟು ನೆಲದ ಮೇಲೆ ಹರಿದು ಹೋಗುತ್ತವೆ, ಇನ್ನೊಂದಷ್ಟು ಬಸಿಗಾಲುವೆ, ಹೊಲದಡಿಯ ಪೈಪುಗಳ ಮೂಲಕ ಹಳ್ಳ ಸೇರುತ್ತವೆ. ಮಾಡೆಲ್ ಮಾಡುವುದು ಇಷ್ಟನ್ನೇ: ಎಷ್ಟು ಬಿತ್ತು, ಎಷ್ಟು ಸತ್ತಿತು, ಎಷ್ಟು ತೊಳೆದುಹೋಯಿತು. ಇದನ್ನು ನೀವೇ ಅಮ್ಮನಿಗೋ ಅಜ್ಜಿಗೋ ಫೋನಿನಲ್ಲಿ ಹೇಳುವ ಹಾಗೆ ಬರೆಯಿರಿ.

ಈಗ ನನಗೆ ಅತಿ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. "ಹಳ್ಳದ ತಳದ ಕೆಸರಿನಲ್ಲೂ ಸ್ವಲ್ಪ ಬ್ಯಾಕ್ಟೀರಿಯಾ ಇರುತ್ತದೆ" ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಆದರೆ ನಿಮ್ಮದೇ ವೈಕಾಟೋ ಪ್ರಾಂತ್ಯದಲ್ಲಿ, ಟೊಪೆಹಾಯೆಹಾಯೆ ಅನ್ನುವ ಹಳ್ಳದಲ್ಲಿ, ಎಂಥ ಪ್ರಯೋಗ ನಡೆದಿದೆ ನೋಡಿ. ಮಳೆಯೇ ಇಲ್ಲದ ದಿನ ಮೇಲಿನ ಜಲಾಶಯದಿಂದ ನೀರು ಬಿಟ್ಟು ಕೃತಕ ನೆರೆ ತಂದರು. ಹೊಲದಿಂದ ಒಂದು ಹನಿಯೂ ಹರಿದು ಬಂದಿರಲಿಲ್ಲ. ಆದರೂ ಇ. ಕೋಲೈ ಸುಮಾರು ನೂರು ಪಟ್ಟು ಏರಿತು. ಅಷ್ಟೂ ಬಂದದ್ದು ತಳದ ಕೆಸರಿನಿಂದ. ಮರುದಿನ, ಅದರ ಮರುದಿನ ಮತ್ತೆ ನೀರು ಬಿಟ್ಟಾಗ ಏರಿಕೆ ಕಡಿಮೆಯಾಗುತ್ತಾ ಹೋಯಿತು. ಅಂದರೆ ತಳದಲ್ಲಿ ದಾಸ್ತಾನು ಇದೆ, ಅದು ಖಾಲಿಯೂ ಆಗುತ್ತದೆ. ದನ ನೀರಿಗಿಳಿಯುತ್ತಲೇ ಇದ್ದರೆ ಮತ್ತೆ ತುಂಬುತ್ತದೆ.

ಇದು ಗೊತ್ತಾದ ಮೇಲೆ ನಿಮ್ಮ ನಾಲ್ಕನೇ ಪುಟದ ಗ್ರಾಫ್ ಅರ್ಥವಾಗುತ್ತದೆ, ಅಲ್ವಾ? ನೆರೆಯ ನೀರು ತನ್ನ ಗರಿಷ್ಠ ಮಟ್ಟ ಮುಟ್ಟುವ ಮೊದಲೇ ಬ್ಯಾಕ್ಟೀರಿಯಾ ಗರಿಷ್ಠ ಮುಟ್ಟುತ್ತದೆ. ಅದಕ್ಕೆ ನೀವು ಕಾರಣ ಕೊಟ್ಟಿಲ್ಲ. ನೀರು ಏರುತ್ತಿರುವಾಗಲೇ ತಳ ಕದಡುತ್ತದೆ. ಹೊಲ ತೊಳೆದ ನೀರನ್ನು ಮಾತ್ರ ಲೆಕ್ಕಕ್ಕೆ ಹಿಡಿದ ಮಾಡೆಲ್‌ಗೆ ಈ ಮೊದಲ ಏರಿಕೆ ಸರಿಯಾಗಿ ಸಿಗುವುದು ಕಷ್ಟ. ದನ ಹಳ್ಳಕ್ಕಿಳಿಯದ ಹಾಗೆ ಬೇಲಿ ಹಾಕಿದ ರೈತ ಮೊದಲ ಮಳೆಗೆ ಫಲಿತಾಂಶ ನೋಡಿ ಬೇಸರ ಪಟ್ಟುಕೊಂಡರೆ ಅವನಿಗೆ ಹೇಳಬೇಕಾದ ಉತ್ತರವೂ ಇದೇ. ಲೇಖನದ ಅರ್ಧ ಭಾಗ ಇಲ್ಲೇ ಇರಲಿ.

"ಮಾಡೆಲ್ ನಿಖರವಾಗಿ ಊಹಿಸಿತು" ಎಂಬ ವಾಕ್ಯ ಹೊಡೆದು ಹಾಕಿದ್ದೇನೆ. ನಿಮ್ಮ ಗ್ರಾಫಿನ ಅಳತೆ 10, 100, 1,000 ಎಂದು ಹತ್ತು ಪಟ್ಟಿನ ಹೆಜ್ಜೆಯಲ್ಲಿದೆ. ಅಲ್ಲಿ ಹತ್ತಿರ ಕಾಣುವ ಎರಡು ಚುಕ್ಕೆಗಳ ನಡುವೆ ಮೂರು ನಾಲ್ಕು ಪಟ್ಟು ವ್ಯತ್ಯಾಸ ಇರಬಹುದು. ಈ ಕ್ಷೇತ್ರದಲ್ಲಿ ಅದು ಕೆಟ್ಟ ಫಲಿತಾಂಶವೇನಲ್ಲ. ಆದರೆ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕು. ಯಾವ ಹಳ್ಳಕ್ಕೆ ಮೊದಲು ಬೇಲಿ ಹಾಕಬೇಕು ಅಂತ ಹೋಲಿಸಲು ಮಾಡೆಲ್ ಉಪಯೋಗಕ್ಕೆ ಬರುತ್ತದೆ. ಇವತ್ತು ಮಗು ಈಜಬಹುದಾ ಅನ್ನುವುದಕ್ಕೆ ಅದನ್ನೊಂದೇ ನಂಬುವ ಹಾಗಿಲ್ಲ.

ನ್ಯೂಜಿಲೆಂಡಿನ ಹ್ಯಾವ್ಲಾಕ್ ನಾರ್ತ್ ಊರಿನ ಪ್ರಕರಣ ಬಿಡಿ, ಅಥವಾ ಸರಿಯಾಗಿ ಹೇಳಿ. 2016ರ ಆಗಸ್ಟ್‌ನಲ್ಲಿ ಅಲ್ಲಿ 5,000ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂದದ್ದು ನಿಜ. ಆದರೆ ಕುರಿಗಳ ಹಿಕ್ಕೆ ಮಳೆಯಲ್ಲಿ ಕೊಳ ಸೇರಿ, ಅಲ್ಲಿಂದ ಅಂತರ್ಜಲಕ್ಕೆ ಇಳಿದು, ಕ್ಲೋರಿನ್ ಹಾಕದ ಕುಡಿಯುವ ನೀರಿನ ಕೊಳವೆಬಾವಿಗೆ ಹೋಯಿತು. ಅದು ಬೇರೆ ದಾರಿ. ಕಾಯಿಲೆ ತಂದದ್ದು ಕ್ಯಾಂಪೈಲೋಬ್ಯಾಕ್ಟರ್ ಎಂಬ ಬೇರೆ ಬ್ಯಾಕ್ಟೀರಿಯಾ. ನಿಮ್ಮ ಮಾಡೆಲ್ ಎಣಿಸುವುದು ಇ. ಕೋಲೈಯನ್ನು. ಅದು ಸಗಣಿ ಸೇರಿದೆ ಎಂಬ ಸೂಚನೆ ಮಾತ್ರ, ಅದರಲ್ಲಿ ಹೆಚ್ಚಿನ ತಳಿಗಳು ಅಪಾಯಕಾರಿಯೂ ಅಲ್ಲ. ಎರಡನ್ನೂ ಬೆರೆಸಿದರೆ ಓದುಗರು ಸುಮ್ನೆ ಹೆದರುತ್ತಾರೆ.

ಕೊನೆಯ ಪ್ಯಾರಾದಲ್ಲಿ ಇದೇ ಲೆಕ್ಕವನ್ನು ಕರ್ನಾಟಕದ ಹಳ್ಳಗಳಿಗೆ ಹಚ್ಚಿದ್ದೀರಿ. ಅದಕ್ಕೆ ಆಧಾರ ಇಲ್ಲ. ನ್ಯೂಜಿಲೆಂಡಿನಲ್ಲಿ ಹಸು ವರ್ಷವಿಡೀ ಬಯಲಲ್ಲೇ ಮೇಯುತ್ತದೆ, ಸಗಣಿ ಬಿದ್ದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಕೊಟ್ಟಿಗೆಯ ಸಗಣಿಯನ್ನು ಬಾಚಿ ತಿಪ್ಪೆಗೆ ಹಾಕುತ್ತೇವೆ, ಬೆರಣಿ ತಟ್ಟುತ್ತೇವೆ, ಗೋಬರ್ ಗ್ಯಾಸ್ ಗುಂಡಿಗೆ ಸುರಿಯುತ್ತೇವೆ. ಮಾಡೆಲ್‌ನ ಮೊದಲ ಅಂಕಿಯೇ ಬದಲಾಗುತ್ತದೆ. ಆ ಪ್ಯಾರಾ ತೆಗೆಯಿರಿ. ತಿಪ್ಪೆಯಿಂದ ಮಳೆಗಾಲದಲ್ಲಿ ಏನು ಹರಿಯುತ್ತದೆ ಅಂತ ಯಾರಾದರೂ ಅಳೆದಿದ್ದರೆ ಅದು ಇನ್ನೊಂದು ಲೇಖನ, ಅದನ್ನೂ ನೀವೇ ಬರೆಯಿರಿ.

ಉದ್ದ 1,200 ಪದ ಮೀರದಿರಲಿ. ಗ್ರಾಫ್ ಒಂದೇ ಸಾಕು, ಆ ನೆರೆಯದ್ದು. ಪರಿಷ್ಕರಿಸಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ